ಎರಡು ಕಣ್ಣಿನ ಪೆಟ್ಟಿಗೆ

ಕಣ್ಣಿಗೊತ್ತಿ ಹಿಡಿಯುವ ಕ್ಯಾಮರಾ ಇದಲ್ಲ. ಎದೆಯ ಮಟ್ಟಕ್ಕೆ ಹಿಡಿದು, ತಲೆ ಬಾಗಿ ನೋಡಬೇಕು. ಮೇಲಿನ ಮಸೂರ ನೋಟಕ್ಕೆ, ಕೆಳಗಿನದು ಚಿತ್ರಕ್ಕೆ. 1929ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ರೋಲೈಫ್ಲೆಕ್ಸ್ ಈ ಬಗೆಗೆ ಕೀರ್ತಿ ತಂದಿತು. ಆದರೆ ಅದು ಮೇಷ್ಟರ ಸಂಬಳಕ್ಕೆ ನಿಲುಕುವಂಥದಲ್ಲ. ಲೆನಿನ್‌ಗ್ರಾಡಿನಲ್ಲಿ 1955ರಿಂದ ತಯಾರಾದ ‘ಲ್ಯುಬಿತೆಲ್-2’ ನಮ್ಮಂಥವರ ಪಾಲಿನದು. ರಷ್ಯನ್ ಭಾಷೆಯಲ್ಲಿ ಆ ಹೆಸರಿಗೆ ‘ಹವ್ಯಾಸಿ’ ಎಂದೇ ಅರ್ಥ. ಅದರ ತಯಾರಿಕೆ ನಿಂತು ದಶಕಗಳಾದವು. ಹಳೆಯವು ಮಾತ್ರ ಇಂದಿಗೂ ಅಗ್ಗವಾಗಿ ದೊರೆಯುತ್ತವೆ.

ಮೈ ಬೇಕಲೈಟಿನದು. ಎರಡು ಮಸೂರಗಳ ಅಂಚಿನ ಹಲ್ಲುಗಳು ಒಂದನ್ನೊಂದು ಕಚ್ಚಿಕೊಂಡಿರುವುದರಿಂದ, ಒಂದನ್ನು ತಿರುಗಿಸಿದರೆ ಇನ್ನೊಂದೂ ತಿರುಗುತ್ತದೆ. ಗಾಜಿನಲ್ಲಿ ಮೂಡುವ ಬಿಂಬವೋ ಎಡಬಲ ಅದಲುಬದಲು! ಓಡುವ ಮಗುವನ್ನು ಹಿಂಬಾಲಿಸಹೊರಟ ಕೈ ತಪ್ಪು ದಿಕ್ಕಿಗೇ ಸರಿಯುತ್ತದೆ. 120ರ ಸುರುಳಿಯೊಂದಕ್ಕೆ 12 ಚಚ್ಚೌಕ ಚಿತ್ರಗಳು, ಅಷ್ಟೆ. ಕೊಳ್ಳುವವರು ಮಸೂರವನ್ನು ಬೆಳಕಿಗೆ ಹಿಡಿದು, ಬೂಷ್ಟು ಕಟ್ಟಿದೆಯೇ ಎಂದು ನೋಡಿಕೊಳ್ಳಬೇಕು. ದ್ವಾರವನ್ನು 8ಕ್ಕೋ 11ಕ್ಕೋ ಕಿರಿದುಗೊಳಿಸಿದರೆ ಚಿತ್ರ ನಿಚ್ಚಳವಾಗಿ ಬರುತ್ತದೆ.

ಫಿಲ್ಮನ್ನು ಮುಂದಕ್ಕೆ ಸರಿಸುವ ಹೊಣೆ ಪೂರ್ತಿಯಾಗಿ ನಮ್ಮದು. ಬೆನ್ನಿನ ಕೆಂಪು ಕಿಂಡಿಯಲ್ಲಿ ಮುಂದಿನ ಅಂಕಿ ಕಾಣುವವರೆಗೆ ತಿರುಪನ್ನು ತಿರುಗಿಸಬೇಕು. ಮರೆತರೆ ತಡೆಯುವ ಏರ್ಪಾಡಿಲ್ಲ. ನಾನೊಮ್ಮೆ ಮರೆತೆ. ಜಗಲಿಯಲ್ಲಿ ಕುಳಿತ ಅಜ್ಜಿಯ ಮೇಲೆಯೇ ನೆರೆಮನೆಯ ಎಮ್ಮೆ ಬಂದು ನಿಂತಿತು! ಅಜ್ಜಿ ಅದನ್ನು ನೋಡಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮುಂದಿನ ರಜೆಗೆ ಬಂದು ಇನ್ನೊಂದು ತೆಗೆಯುತ್ತೇನೆಂದು ಹೇಳಿ ಹೊರಟೆ. ರಜೆ ಬರುವ ಹೊತ್ತಿಗೆ ಅವರಿರಲಿಲ್ಲ. ನನ್ನ ಮೇಜಿನ ಮೇಲಿರುವುದು ಅದೇ ಚಿತ್ರ: ಎಮ್ಮೆಯ ಕೊಂಬುಗಳ ನಡುವೆ ಅಜ್ಜಿಯ ಮುಖ.