ಹನ್ನೆರಡು ವೋಲ್ಟು ಇದ್ದೂ ತಿರುಗದ ಪಂಪು

ಮೋಟಾರು ಗಾಡಿಯ ಟ್ಯಾಂಕಿನಲ್ಲಿರುವ ಪೆಟ್ರೋಲು ತಾನಾಗಿ ಎಂಜಿನ್ನಿನವರೆಗೆ ನಡೆದುಬರುವುದಿಲ್ಲ. ಅದನ್ನು ಯಾವುದಾದರೊಂದು ಸಾಧನ ಎತ್ತಿ ತರಬೇಕು. ಬಹುಕಾಲ ಈ ಚಾಕರಿಯನ್ನು ಮಾಡುತ್ತಿದ್ದುದು ಎಂಜಿನ್ನಿನ ಮಗ್ಗುಲಿಗೆ ಬಿಗಿದಿದ್ದ ಒಂದು ಸಣ್ಣ ಪಂಪು. ಅದರೊಳಗೆ ಒಂದು ಪೊರೆ. ಎಂಜಿನ್ನು ತಿರುಗಿದಂತೆ ಒಂದು ಸನ್ನೆಯು ಆ ಪೊರೆಯನ್ನು ಎಳೆದು ಬಿಡುತ್ತಿತ್ತು, ಪೆಟ್ರೋಲು ಗುಟುಕು ಗುಟುಕಾಗಿ ಕಾರ್ಬ್ಯುರೇಟರಿಗೆ ಏರುತ್ತಿತ್ತು. ಅದರಲ್ಲಿ ವಿದ್ಯುತ್ತಿನ ಹಂಗೇ ಇರಲಿಲ್ಲ. ಪೊರೆ ಹರಿದರೆ ಪೆಟ್ರೋಲು ಸೋರಿ, ದೋಷ ಎಲ್ಲಿದೆಯೆಂಬುದನ್ನು ಕಣ್ಣೂ ಮೂಗೂ ಹೇಳುತ್ತಿದ್ದುವು.

ಅಮೆರಿಕದ ಜನರಲ್ ಮೋಟರ್ಸ್ ಸಂಸ್ಥೆಯು ೧೯೮೭ರ ಮಾದರಿಯಿಂದ ತನ್ನ ಷೆವ್ರೊಲೆ ಹಗುರ ಲಾರಿಗಳಲ್ಲಿ ಕಾರ್ಬ್ಯುರೇಟರನ್ನು ಬಿಟ್ಟು, ಪೆಟ್ರೋಲನ್ನು ಸಿಂಪಡಿಸುವ ಇಂಜೆಕ್ಟರುಗಳನ್ನು ಜೋಡಿಸತೊಡಗಿತು. ಸಿಂಪಡಿಸುವುದಕ್ಕೆ ಹೆಚ್ಚಿನ ಒತ್ತಡ ಬೇಕು: ಚದರ ಅಂಗುಲಕ್ಕೆ ೯ರಿಂದ ೧೩ ಪೌಂಡು. ಆದುದರಿಂದ ಪಂಪು ಎಂಜಿನ್ನಿನ ಮಗ್ಗುಲನ್ನು ತೊರೆದು, ವಿದ್ಯುತ್ ಮೋಟಾರಿನೊಡನೆ ಟ್ಯಾಂಕಿನೊಳಗೇ ಹೋಗಿ ಮುಳುಗಿ ಕುಳಿತಿತು. ಪೆಟ್ರೋಲಿನಲ್ಲಿ ಮುಳುಗಿದ ಮೋಟಾರು ಬೆಂಕಿ ಹೊತ್ತಿಸದೆ? ಎಂದು ಓದುಗರು ಕೇಳಬಹುದು. ಉರಿಯುವುದಕ್ಕೆ ಆಮ್ಲಜನಕ ಬೇಕು. ದ್ರವದೊಳಗೆ ಅದು ಸಾಲದು. ದ್ರವದ ಮೇಲಿರುವ ಆವಿಯೋ, ಸಾಮಾನ್ಯವಾಗಿ ಹೊತ್ತಿಕೊಳ್ಳಲಾರದಷ್ಟು ದಟ್ಟ. ಅದೂ ಅಲ್ಲದೆ ಸುತ್ತ ಹರಿಯುವ ಪೆಟ್ರೋಲೇ ಮೋಟಾರನ್ನು ತಂಪಾಗಿಡುತ್ತದೆ.

ಈ ಲಾರಿಗಳು ಈಗ ಹಳೆಯವಾಗಿವೆ. ಆದರೂ ಅಮೆರಿಕದ ಹೊಲಗಳಲ್ಲಿ, ಸಣ್ಣ ಊರುಗಳಲ್ಲಿ ಇಂದಿಗೂ ದುಡಿಯುತ್ತಿರುವುವು ಹಲವು. ಅವುಗಳಲ್ಲೊಂದು ಒಂದು ಬೆಳಗ್ಗೆ ಹೊರಡದೆ ನಿಂತಿತೆನ್ನೋಣ. ಸ್ಟಾರ್ಟರು ಎಂಜಿನ್ನನ್ನು ತಿರುಗಿಸುತ್ತಿದೆ, ಕಿಡಿಯೂ ಬರುತ್ತಿದೆ, ಪೆಟ್ರೋಲು ಮಾತ್ರ ಬರುತ್ತಿಲ್ಲ. ಒಡೆಯನು ಪಂಪು ಸತ್ತಿತೆಂದು ತೀರ್ಮಾನಿಸಿ, ಟ್ಯಾಂಕನ್ನು ಕೆಳಗಿಳಿಸಿ, ಹೊಸ ಪಂಪನ್ನು ಕೊಂಡು ಜೋಡಿಸುತ್ತಾನೆ. ಲಾರಿ ಮತ್ತೆ ಹೊರಡುವುದಿಲ್ಲ. ಅಥವಾ ಎರಡು ವಾರ ಓಡಿ ಮತ್ತೆ ನಿಲ್ಲುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು. ಹಣವೂ ಹೋಯಿತು, ಪೆಟ್ರೋಲು ತುಂಬಿದ ಭಾರದ ಟ್ಯಾಂಕನ್ನು ಇಳಿಸುವ ಅಪಾಯವನ್ನೂ ವ್ಯರ್ಥವಾಗಿ ಮೈಮೇಲೆ ಎಳೆದುಕೊಂಡಂತಾಯಿತು. ದೋಷವಿದ್ದುದು ವಿದ್ಯುತ್ತಿನ ದಾರಿಯಲ್ಲಿ. ಆ ದಾರಿಯನ್ನು ಹುಡುಕುವ ಕ್ರಮವನ್ನು ನಾವಿಲ್ಲಿ ನೋಡೋಣ.

ಮೊದಲು ದಾರಿಯ ಪರಿಚಯ. ಬ್ಯಾಟರಿಯಿಂದ ಹೊರಟ ಪ್ರವಾಹ ಫ್ಯೂಸನ್ನು ದಾಟಿ ರಿಲೇ ಎಂಬ ಸಾಧನಕ್ಕೆ ಬರುತ್ತದೆ. ರಿಲೇ ಎಂದರೆ ವಿದ್ಯುತ್ಕಾಂತವೊಂದು ಮುಚ್ಚಿ ತೆರೆಯುವ ಸ್ವಿಚ್ಚು. ಸಣ್ಣ ಪ್ರವಾಹವೊಂದು ತಂತಿಸುರುಳಿಯಲ್ಲಿ ಹರಿದು ಕಾಂತತ್ವವನ್ನು ಹುಟ್ಟಿಸುತ್ತದೆ. ಆ ಕಾಂತವು ಲೋಹದ ನಾಲಗೆಯೊಂದನ್ನು ಸೆಳೆದು ದೊಡ್ಡ ಪ್ರವಾಹಕ್ಕೆ ಬಾಗಿಲು ತೆರೆಯುತ್ತದೆ. ಹತ್ತೊಂಬತ್ತನೆಯ ಶತಮಾನದ ತಂತಿವಾರ್ತೆಯಲ್ಲಿ ದೂರದಿಂದ ಬಂದು ಸೊರಗಿದ ಸಂಕೇತವನ್ನು ಮುಂದಕ್ಕೆ ದಾಟಿಸುತ್ತಿದ್ದುದು ಇದೇ ಸಾಧನ. ಭಾರತದಲ್ಲಿ ತಂತಿ ಸೇವೆಯು ೨೦೧೩ರ ಜುಲೈಯಲ್ಲಿ ಮುಗಿದುಹೋಯಿತು. ಅದರ ರಿಲೇ ಮಾತ್ರ ವಾಹನಗಳಲ್ಲಿ ಟಿಕ್ಕೆಂದು ಸದ್ದುಮಾಡುತ್ತಲೇ ಇದೆ. ರಿಲೇಯನ್ನು ದಾಟಿದ ಪ್ರವಾಹ ಚಾಸಿಯ ಉದ್ದಕ್ಕೂ ಹಾಸಿದ ತಂತಿಯಲ್ಲಿ ಹಿಂದಕ್ಕೆ ಸಾಗಿ ಪಂಪನ್ನು ಸೇರುತ್ತದೆ. ಮರಳುವ ದಾರಿಗೆ ಪೂರ್ತಿ ತಂತಿಯಿಲ್ಲ: ಪಂಪಿನಿಂದ ಹೊರಟ ಕಪ್ಪು ತಂತಿಯನ್ನು ಹತ್ತಿರದ ಉಕ್ಕಿನ ಚಾಸಿಗೆ ಬೋಲ್ಟು ಹಾಕಿ ಬಿಗಿದಿರುತ್ತಾರೆ. ಚಾಸಿಯೇ ಪ್ರವಾಹವನ್ನು ಬ್ಯಾಟರಿಗೆ ಮುಟ್ಟಿಸುತ್ತದೆ. ಇದನ್ನು ಮೆಕ್ಯಾನಿಕ್ಕುಗಳು ಅರ್ತ್ ಎನ್ನುತ್ತಾರೆ.

ರಿಲೇಗೆ ಅಪ್ಪಣೆ ಕೊಡುವುದು ಎಂಜಿನ್ನಿನ ಚಿಕ್ಕ ಕಂಪ್ಯೂಟರು. ಕೀಲಿ ತಿರುವಿದೊಡನೆ ಅದು ಎರಡು ಸೆಕೆಂಡು ಮಾತ್ರ ಪಂಪನ್ನು ಓಡಿಸುತ್ತದೆ. ಅಷ್ಟರಲ್ಲಿ ಎಂಜಿನ್ನು ತಿರುಗುತ್ತಿದೆಯೆಂಬ ಸೂಚನೆ ಡಿಸ್ಟ್ರಿಬ್ಯೂಟರಿನಿಂದ ಬಾರದಿದ್ದರೆ ನಿಲ್ಲಿಸಿಬಿಡುತ್ತದೆ. ಇದರ ಜತೆಗೆ ಇನ್ನೊಂದು ಕಳ್ಳದಾರಿಯೂ ಉಂಟು. ಎಂಜಿನ್ನಿನ ಎಣ್ಣೆಯ ಒತ್ತಡ ಚದರ ಅಂಗುಲಕ್ಕೆ ಸುಮಾರು ೪ ಪೌಂಡಿಗೆ ಏರಿದಾಗ ಮುಚ್ಚಿಕೊಳ್ಳುವ ಸ್ವಿಚ್ಚೊಂದನ್ನು ರಿಲೇಗೆ ಸಮಾಂತರವಾಗಿ ಜೋಡಿಸಿದ್ದಾರೆ. ರಿಲೇ ಕೈಕೊಟ್ಟರೂ ಈ ಸ್ವಿಚ್ಚಿನ ಮೂಲಕ ಪಂಪು ಓಡಬಲ್ಲುದು.

ಇಷ್ಟು ತಿಳಿದವನಿಗೆ ಲಾರಿಯ ನಡವಳಿಕೆಯೇ ಅರ್ಧ ಕಥೆ ಹೇಳುತ್ತದೆ. ಕೀಲಿ ತಿರುವಿದಾಗ ಟ್ಯಾಂಕಿನ ಕಡೆಯಿಂದ ಎರಡು ಸೆಕೆಂಡಿನ ಗುಂಯ್‌ಗುಟ್ಟುವಿಕೆ ಕೇಳಿಸಬೇಕು. ಅದು ಕೇಳಿಸದೆ, ಸ್ಟಾರ್ಟರನ್ನು ಬಹಳ ಹೊತ್ತು ತಿರುಗಿಸಿದ ಮೇಲೆ ಲಾರಿ ಹೊರಟು, ಆಮೇಲೆ ಸರಾಗವಾಗಿ ಓಡಿದರೆ ಪಂಪು ನಿರಪರಾಧಿ. ಎಂಜಿನ್ನು ತಿರುಗಿ ತಿರುಗಿ ಎಣ್ಣೆಯ ಒತ್ತಡ ಏರುವವರೆಗೆ ಪಂಪಿಗೆ ಪ್ರವಾಹವೇ ಮುಟ್ಟಿರಲಿಲ್ಲ. ಸಂಶಯವು ಮೊದಲು ರಿಲೇಯ ಮೇಲೂ ಅದಕ್ಕೆ ಬರುವ ತಂತಿಗಳ ಮೇಲೂ ಬೀಳಬೇಕು. ಗುಂಯ್‌ಕಾರವೂ ಇಲ್ಲ, ಕಿಡಿಯೂ ಇಲ್ಲವಾದರೆ ಪಂಪನ್ನು ಮರೆತು ಡಿಸ್ಟ್ರಿಬ್ಯೂಟರನ್ನೂ ಎರಡಕ್ಕೂ ಸಮಾನವಾದ ಫ್ಯೂಸುಗಳನ್ನೂ ನೋಡುವುದು ಲೇಸು.

ಈಗ ದಾರಿಯನ್ನು ನಡುವೆ ಕತ್ತರಿಸೋಣ. ನಿಘಂಟಿನಲ್ಲಿ ಪದ ಹುಡುಕುವವನು ಮೊದಲ ಪುಟದಿಂದ ಓದುತ್ತಾ ಹೋಗುವುದಿಲ್ಲ. ನಡುವೆ ತೆರೆದು, ತನಗೆ ಬೇಕಾದುದು ಹಿಂದೋ ಮುಂದೋ ಎಂದು ನೋಡುತ್ತಾನೆ. ಈ ಲಾರಿಗಳ ಎಂಜಿನ್ ಕೋಣೆಯಲ್ಲಿ ಪಂಪಿನ ತಂತಿಯ ಒಂದು ತುದಿಯನ್ನು ಪರೀಕ್ಷೆಗೆಂದೇ ಹೊರಬಿಟ್ಟಿದ್ದಾರೆ. ಫ್ಯೂಸುಳ್ಳ ತಂತಿಯೊಂದರಿಂದ ಬ್ಯಾಟರಿಯ ಧನ ಧ್ರುವವನ್ನು ಆ ತುದಿಗೆ ಮುಟ್ಟಿಸಿದರೆ ರಿಲೇ, ಕಂಪ್ಯೂಟರು ಎಲ್ಲವನ್ನೂ ಬದಿಗಿಟ್ಟು ಪಂಪಿಗೆ ನೇರವಾಗಿ ಪ್ರವಾಹ ಹೋಗುತ್ತದೆ. ಪಂಪು ಓಡಿದರೆ ದೋಷ ಮುಂದಿನ ಅರ್ಧದಲ್ಲಿದೆ. ಓಡದಿದ್ದರೆ ಹಿಂದಿನ ಅರ್ಧದಲ್ಲಿ: ಉದ್ದ ತಂತಿ, ಟ್ಯಾಂಕಿನ ಬಳಿಯ ಕನೆಕ್ಟರು, ಪಂಪು, ಅರ್ತ್.

ಈ ಹಿಂದಿನ ಅರ್ಧದಲ್ಲಿಯೇ ಜನ ಮೋಸಹೋಗುವುದು. ಅವರು ಕನೆಕ್ಟರನ್ನು ಕಳಚಿ, ವೋಲ್ಟ್ ಮಾಪಕದ ಎರಡು ಕಡ್ಡಿಗಳನ್ನು ಅದರೊಳಕ್ಕೆ ಇಡುತ್ತಾರೆ. ಮಾಪಕ ೧೨.೫ ಎಂದು ತೋರಿಸುತ್ತದೆ. ‘ವಿದ್ಯುತ್ತು ಇಲ್ಲಿಯವರೆಗೆ ಬಂದಿದೆ, ಪಂಪೇ ಕೆಟ್ಟಿದೆ’ ಎಂದು ಟ್ಯಾಂಕನ್ನು ಇಳಿಸಲು ಹೊರಡುತ್ತಾರೆ. ಮಾಪಕ ಸುಳ್ಳು ಹೇಳಲಿಲ್ಲ, ನಿಜ. ಆದರೆ ಕೇಳಿದ ಪ್ರಶ್ನೆಯೇ ತಪ್ಪು.

ಮನೆಯ ಮಹಡಿಯ ಮೇಲಿನ ನೀರಿನ ತೊಟ್ಟಿಯನ್ನು ನೆನೆಯೋಣ. ಕೊಳವೆಯಲ್ಲಿ ಕಸ ಕಟ್ಟಿಕೊಂಡು ಸೂಜಿಯಷ್ಟು ಕಂಡಿ ಉಳಿದಿದ್ದರೂ ನಲ್ಲಿ ಮುಚ್ಚಿರುವಾಗ ಅಲ್ಲಿನ ಒತ್ತಡ ಪೂರ್ತಿಯಾಗಿಯೇ ಇರುತ್ತದೆ. ನಲ್ಲಿ ತಿರುಗಿಸಿದಾಗಲೇ ಗೊತ್ತು, ನೀರು ತೊಟ್ಟಿಕ್ಕುತ್ತದೆಂದು. ವಿದ್ಯುತ್ತಿನಲ್ಲಿಯೂ ಹಾಗೆಯೇ. ಜರ್ಮನಿಯ ಗೇಯಾರ್ಗ್ ಓಮನು ೧೮೨೭ರಲ್ಲಿ ಪ್ರಕಟಿಸಿದ ನಿಯಮ ನಮ್ಮ ವಿದ್ಯಾರ್ಥಿಗಳಿಗೆ ಕಂಠಸ್ಥವಾಗಿರುವುದಷ್ಟೆ: ಪ್ರವಾಹವನ್ನು ರೋಧದಿಂದ ಗುಣಿಸಿದರೆ ವೋಲ್ಟು. ಪ್ರವಾಹವೇ ಇಲ್ಲದಿದ್ದರೆ ಎಷ್ಟು ದೊಡ್ಡ ರೋಧವಾದರೂ ವೋಲ್ಟನ್ನು ತಿನ್ನಲಾರದು. ಒಳ್ಳೆಯ ಮಾಪಕದ ಒಳರೋಧ ಸುಮಾರು ಒಂದು ಕೋಟಿ ಓಮ್; ಅದರ ಮೂಲಕ ಹರಿಯುವುದು ಆಂಪಿಯರಿನ ಹತ್ತು ಲಕ್ಷದಲ್ಲೊಂದು ಪಾಲಿನಷ್ಟು. ದಾರಿಯಲ್ಲೆಲ್ಲೋ ತುಕ್ಕು ಹಿಡಿದು ೧೦,೦೦೦ ಓಮ್ ರೋಧ ಹುಟ್ಟಿಕೊಂಡಿದ್ದರೂ ಮಾಪಕ ೧೨.೪೯ ಎಂದೇ ಓದುತ್ತದೆ. ಅಂಥ ದಾರಿಯಲ್ಲಿ ಪಂಪು ತಿರುಗುವುದಿರಲಿ, ಮಿಸುಕುವುದೂ ಇಲ್ಲ.

ತುಕ್ಕು ಅಷ್ಟು ಬಲಿಯಬೇಕಾಗಿಯೂ ಇಲ್ಲ. ಪಂಪು ದುಡಿಯುವಾಗ ೫ ಆಂಪಿಯರ್ ಎಳೆಯುವುದೆನ್ನೋಣ, ೧೨.೫ ವೋಲ್ಟಿಗೆ ಅದು ೨.೫ ಓಮ್ ರೋಧವಿದ್ದಂತೆ. (ತಿರುಗುವ ಮೋಟಾರು ಬರಿಯ ರೋಧವಲ್ಲ, ತಾನೂ ಎದುರು ವೋಲ್ಟನ್ನು ಹುಟ್ಟಿಸುತ್ತದೆ, ಅಂದಾಜಿಗೆ ಈ ಲೆಕ್ಕ ಸಾಕು.) ಅರ್ತಿನ ಬೋಲ್ಟಿನ ಕೆಳಗೆ ಒಂದೇ ಒಂದು ಓಮಿನ ತುಕ್ಕು ಸೇರಿದರೆ ಒಟ್ಟು ೩.೫ ಓಮ್. ಪ್ರವಾಹ ೩.೬ ಆಂಪಿಯರಿಗೆ ಇಳಿಯುತ್ತದೆ, ೩.೬ ವೋಲ್ಟು ತುಕ್ಕಿನ ಪಾಲಾಗಿ, ಪಂಪಿಗೆ ದಕ್ಕುವುದು ೮.೯ ಮಾತ್ರ. ತುಕ್ಕಿನ ಜಾಗದಲ್ಲಿ ೧೩ ವಾಟಿನಷ್ಟು ಶಾಖ ಬೇರೆ ಹುಟ್ಟಿ, ಅಲ್ಲಿನ ಲೋಹವನ್ನು ಇನ್ನಷ್ಟು ಕೆಡಿಸುತ್ತದೆ. ಗುಂಯ್‌ಕಾರ ಕೇಳಿಸುತ್ತದೆ, ಆದರೆ ಪಂಪಿನ ವೇಗ ಕುಗ್ಗಿ ಪೆಟ್ರೋಲಿನ ಒತ್ತಡ ಸಾಲದಾಗುತ್ತದೆ. ಸಮನೆಲದಲ್ಲಿ ಹೇಗೋ ಓಡುವ ಲಾರಿ, ಹೊರೆ ಹೊತ್ತು ಏರನ್ನು ಹತ್ತುವಾಗ ಮುಗ್ಗರಿಸುತ್ತದೆ. ಹಿಂದಿನಿಂದ ವೇಗವಾಗಿ ವಾಹನಗಳು ಬರುತ್ತಿರುವ ಹೆದ್ದಾರಿಯಲ್ಲಿ ಅದು ನಿಂತೇಹೋದರೆ ಪ್ರಾಣಕ್ಕೇ ಸಂಚಕಾರ.

ಅಮೆರಿಕದ ಉತ್ತರ ರಾಜ್ಯಗಳಲ್ಲಿ, ಮಿಷಿಗನ್, ಒಹಾಯೊ ಮೊದಲಾದೆಡೆಗಳಲ್ಲಿ, ಚಳಿಗಾಲದ ಹಿಮವನ್ನು ಕರಗಿಸಲು ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಉಪ್ಪುನೀರು ಒಳ್ಳೆಯ ವಿದ್ಯುದ್ವಾಹಕ. ತಾಮ್ರದ ತಂತಿಯೂ ಉಕ್ಕಿನ ಚಾಸಿಯೂ ಕೂಡುವಲ್ಲಿ ಅದು ಸೇರಿತೆಂದರೆ ಒಂದು ಪುಟ್ಟ ವಿದ್ಯುತ್ಕೋಶವೇ ಏರ್ಪಟ್ಟು ಉಕ್ಕನ್ನು ಕೊರೆಯುತ್ತದೆ. ಉಕ್ಕಿಗೆ ತುಕ್ಕು, ತಾಮ್ರಕ್ಕೆ ಕಿಲುಬು. ತಂತಿಯ ಹೊದಿಕೆ ಹೊರಗೆ ಹೊಸದರಂತೆ ಹೊಳೆಯುತ್ತಿದ್ದರೂ ಒಳಗಿನ ಎಳೆಗಳು ಹಸುರು ಪುಡಿಯಾಗಿರುವುದುಂಟು.

ಹಾಗಾದರೆ ಸರಿಯಾದ ಪ್ರಶ್ನೆ ಯಾವುದು? ಪ್ರವಾಹ ಹರಿಯುತ್ತಿರುವಾಗಲೇ ಅಳೆಯಬೇಕು. ಕನೆಕ್ಟರನ್ನು ಕಳಚದೆ, ಪಂಪಿಗೆ ಪ್ರವಾಹ ಕೊಟ್ಟು, ಮಾಪಕದ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ಧ್ರುವಕ್ಕೂ ಇನ್ನೊಂದನ್ನು ಪಂಪಿನ ಕಪ್ಪು ತಂತಿಗೂ ಮುಟ್ಟಿಸಬೇಕು. ಮರಳುವ ದಾರಿಯಲ್ಲಿ ಕಳೆದುಹೋಗುತ್ತಿರುವ ವೋಲ್ಟು ನೇರವಾಗಿ ಮುಳ್ಳಿಗೆ ಸಿಕ್ಕುತ್ತದೆ. ಅದು ೦.೧ ಅಥವಾ ೦.೨ನ್ನು ಮೀರಬಾರದು. ಬ್ಯಾಟರಿಯ ಧನ ಧ್ರುವದಿಂದ ಪಂಪಿನ ಧನ ತಂತಿಗೂ ಹೀಗೆಯೇ ಅಳೆದು, ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ಕಡ್ಡಿಯನ್ನು ತುಸುತುಸುವೇ ಬ್ಯಾಟರಿಯ ಕಡೆಗೆ ಸರಿಸುತ್ತ ಬರಬೇಕು. ಎಲ್ಲಿ ಅಳತೆ ಥಟ್ಟನೆ ಇಳಿಯುವುದೋ ಅದರ ಆಚೆಗೇ ದೋಷ. ಮಾಪಕವಿಲ್ಲದವರಿಗೆ ತಿರುವುದೀಪದ ೨೧ ವಾಟಿನ ಬಲ್ಬೊಂದು ಸಾಕು: ಪಂಪಿಗೆ ಬದಲಾಗಿ ಅದನ್ನು ಜೋಡಿಸಿದರೆ ಅದು ಒಂದೂಮುಕ್ಕಾಲು ಆಂಪಿಯರ್ ಬೇಡುತ್ತದೆ. ಮಾಪಕವನ್ನು ವಂಚಿಸಿದ ೧೦,೦೦೦ ಓಮಿನ ದಾರಿಯಲ್ಲಿ ಅದು ಕೆಂಪಗೂ ಆಗುವುದಿಲ್ಲ. ಆದರೆ ಈ ಬಲ್ಬನ್ನು ಕಂಪ್ಯೂಟರಿನ ಸೂಕ್ಷ್ಮ ತಂತಿಗಳಿಗೆ ಜೋಡಿಸಲಾಗದು.

ಎರಡೂ ದಾರಿಗಳು ಶುದ್ಧವಾಗಿ, ಪಂಪಿನ ತುದಿಗಳಲ್ಲಿ ೧೨ ವೋಲ್ಟು ಕಂಡೂ ಅದು ತಿರುಗದಿದ್ದರೆ ಆಗ ನಿಸ್ಸಂಶಯವಾಗಿ ಪಂಪಿಗೆ ಕಾಲ ಬಂದಿದೆ. ಟ್ಯಾಂಕಿನ ತಳವನ್ನು ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ತಿರುಗತೊಡಗುವ ಪಂಪೂ ಬಹುಮಟ್ಟಿಗೆ ಬ್ರಷ್ಷು ಸವೆದದ್ದು. ಅದನ್ನು ನಂಬಿ ದೂರ ಹೋಗಬಾರದು.

ಕೆಲವರು ಈ ಹುಡುಕಾಟಕ್ಕೆ ಬೇಸತ್ತು, ಬ್ಯಾಟರಿಯಿಂದ ಪಂಪಿಗೆ ನೇರ ತಂತಿ ಎಳೆದು ಒಂದು ಸ್ವಿಚ್ಚು ಹಾಕಿಬಿಡುತ್ತಾರೆ. ಇದನ್ನು ನಾವು ಒಪ್ಪಲಾರೆವು. ಕಂಪ್ಯೂಟರಿನ ಆ ಎರಡು ಸೆಕೆಂಡಿನ ನಿಯಮ ಸುಮ್ಮನೆ ಮಾಡಿದ್ದಲ್ಲ. ಅಪಘಾತದಲ್ಲಿ ಕೊಳವೆ ಹರಿದು ಎಂಜಿನ್ನು ನಿಂತಾಗ ಪಂಪೂ ನಿಲ್ಲಬೇಕು. ಇಲ್ಲವಾದರೆ ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲು ಚಿಮ್ಮುತ್ತಲೇ ಇರುವುದು. ಅದೇ ಕಾಲದ ಫೋರ್ಡ್ ಲಾರಿಗಳಲ್ಲಿ ಇದಕ್ಕೆಂದೇ ಜಡತ್ವದ ಸ್ವಿಚ್ಚೊಂದಿದೆ. ಅದರಲ್ಲಿ ಅಯಸ್ಕಾಂತವು ಹಿಡಿದಿಟ್ಟ ಉಕ್ಕಿನ ಗುಂಡೊಂದು ಡಿಕ್ಕಿಯ ಧಕ್ಕೆಗೆ ಹಿಡಿತ ತಪ್ಪಿ ಉರುಳಿ, ಸಂಪರ್ಕವನ್ನು ಕಡಿಯುತ್ತದೆ. ಒಮ್ಮೊಮ್ಮೆ ಸಣ್ಣ ಧಕ್ಕೆಗೂ ಅದು ಕಡಿಯುವುದುಂಟು. ಫೋರ್ಡ್ ಲಾರಿ ನಿಂತಾಗ ಮೊದಲು ಆ ಸ್ವಿಚ್ಚಿನ ಗುಂಡಿಯನ್ನು ಒತ್ತಿ ನೋಡುವುದು ವಾಡಿಕೆ. ಪೆಟ್ರೋಲಿನ ವಾಸನೆ ಇರುವೆಡೆ ಮಾತ್ರ ಅದನ್ನು ಒತ್ತಕೂಡದು.

ಇನ್ನು ರಿಪೇರಿ. ದೋಷವು ಅರ್ತಿನಲ್ಲಿದ್ದರೆ ಕೆಲಸ ಅರ್ಧ ಗಂಟೆಯದು. ಗಾಡಿಯನ್ನು ಬಯಲಿನಲ್ಲಿ ನಿಲ್ಲಿಸಿ, ಬ್ಯಾಟರಿಯ ಋಣ ತಂತಿಯನ್ನು ಮೊದಲು ಕಳಚಬೇಕು. ಟ್ಯಾಂಕಿನ ಬಳಿ ಕಿಡಿ ಹಾರಬಾರದು. ಬೋಲ್ಟನ್ನು ಬಿಚ್ಚಿ, ಚಾಸಿಯನ್ನೂ ತಂತಿಯ ತುದಿಯನ್ನೂ ಉಪ್ಪುಕಾಗದದಿಂದ ಬಿಳಿಲೋಹ ಕಾಣುವವರೆಗೆ ಕೈಯಿಂದಲೇ ತಿಕ್ಕಬೇಕು. ಒಳಗೆ ಹಸುರಾದ ತಂತಿಯನ್ನು ಕೆಂಪು ತಾಮ್ರ ಸಿಕ್ಕುವವರೆಗೆ ಕತ್ತರಿಸಿ ಹೊಸ ತುಂಡನ್ನು ಬೆಸೆಯಬೇಕು. ಬೆಸುಗೆಗೆ ಬೆಂಕಿ ಬೇಕಾದರೆ ಆ ಕೆಲಸ ಟ್ಯಾಂಕಿನಿಂದ ದೂರದಲ್ಲಿ ನಡೆಯಲಿ. ಬೋಲ್ಟನ್ನು ಮತ್ತೆ ಬಿಗಿದು ಮೇಲೆ ದಪ್ಪನಾಗಿ ಗ್ರೀಸು ಬಳಿದು, ಬ್ಯಾಟರಿಯನ್ನು ಜೋಡಿಸಿ, ಪಂಪನ್ನು ಓಡಿಸಿ ಇನ್ನೊಮ್ಮೆ ಅಳೆಯಬೇಕು. ಮೂರೂವರೆ ವೋಲ್ಟು ನುಂಗುತ್ತಿದ್ದ ಜಾಗದಲ್ಲಿ ಮಾಪಕ ಈಗ ೦.೦೫ ತೋರಿಸಿದರೆ ಹಳೆಯ ಪಂಪು ಟ್ಯಾಂಕಿನಲ್ಲಿಯೇ ಇರಬಹುದು.