ಆವಿಗೆಯ ಬೆಂಕಿ, ಜೇಡಿಮಣ್ಣಿನ ಧೂಳು

ಶಾಲೆಗಳಲ್ಲಿ ಕುಂಬಾರಿಕೆಯನ್ನು ಕಲಿಸುವಾಗ ಮಕ್ಕಳನ್ನು ಆವಿಗೆಯಿಂದ ದೂರ ನಿಲ್ಲಿಸುವುದು ವಾಡಿಕೆ. ಅದು ಸರಿಯೇ. 1000 ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾದ ಆವಿಗೆಯ ಬಾಗಿಲನ್ನು ತೆರೆದರೆ, ಹೊರಸೂಸುವ ಶಾಖವೇ ಚರ್ಮವನ್ನು ಸುಡಬಲ್ಲದು. ಚೆನ್ನಾಗಿ ಒಣಗದ ಮಡಕೆಯೊಳಗಿನ ನೀರು ಹಠಾತ್ತನೆ ಆವಿಯಾಗಿ ಅದನ್ನು ಸಿಡಿಸಬಲ್ಲದು. ಸೌದೆಯ ಹೊಗೆಯೊಡನೆ ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವೂ ಬರುವುದುಂಟು. ಆದರೂ ಬೆಂಕಿಯು ಕಣ್ಣಿಗೆ ಕಾಣುವ ಶತ್ರು. ಇನ್ನೊಂದು ಶತ್ರು ಕೆಲಸದ ಮೇಜಿನ ಮೇಲೆಯೇ ಇದೆ. ಅದು ಒಣಗಿದ ಜೇಡಿಮಣ್ಣಿನ ಧೂಳು.

ಈ ಧೂಳು ಏನು ಮಾಡಬಲ್ಲದೆಂಬುದನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ಬಂಗಾರಪೇಟೆಯಿಂದ ಕೋಲಾರದ ಚಿನ್ನದ ಗಣಿಗಳ ಕಡೆಗೆ ಹೋದರೆ ಜನರು ಸಯನೈಡ್ ದಿಬ್ಬಗಳೆಂದು ಕರೆಯುವ ಗುಡ್ಡಗಳು ಎದುರಾಗುತ್ತವೆ. ಚಿನ್ನವನ್ನು ತೆಗೆದ ಮೇಲೆ ಉಳಿದ ಕಲ್ಲಿನ ಪುಡಿಯೇ ಅವು. ಇಲ್ಲಿ ಚಿನ್ನವಿದ್ದುದು ಬೆಣಚುಕಲ್ಲಿನ ಪದರಗಳಲ್ಲಿ. ಬೆಣಚುಕಲ್ಲೆಂದರೆ ಹರಳುರೂಪದ ಸಿಲಿಕ. ಅದನ್ನು ಕೊರೆದು ಸಿಡಿಸಿದಾಗ ಎದ್ದ ಧೂಳು ಕಾರ್ಮಿಕರ ಶ್ವಾಸಕೋಶಗಳನ್ನು ಹೊಕ್ಕು, ಗಾಯದ ಕಲೆಯಂತೆ ಅವನ್ನು ಗಡುಸಾಗಿಸಿತು. ಈ ರೋಗವೇ ಸಿಲಿಕೋಸಿಸ್. 1940ರಿಂದ 1946ರವರೆಗೆ ಇಲ್ಲಿ 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ, ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಯಲ್ಲಿ ಅದು ಕಂಡುಬಂದಿತು. ಗಣಿಗಳು 2001ರಲ್ಲಿ ಮುಚ್ಚಿದವು. ಆದರೆ ಗಡುಸಾದ ಶ್ವಾಸಕೋಶವನ್ನು ಮೊದಲಿನಂತೆ ಮಾಡುವ ಔಷಧ ಇಂದಿಗೂ ಇಲ್ಲ.

ಕುಂಬಾರನ ಜೇಡಿಮಣ್ಣಿನಲ್ಲಿಯೂ ಮೆರುಗಿನ ಪುಡಿಯಲ್ಲಿಯೂ ಇದೇ ಸಿಲಿಕ ಸಾಮಾನ್ಯವಾಗಿ ಇರುತ್ತದೆ. ವಾರಕ್ಕೊಂದು ಗಂಟೆ ಕಲಿಯುವ ವಿದ್ಯಾರ್ಥಿಗೂ ವರ್ಷಗಟ್ಟಲೆ ದುಡಿದ ಗಣಿಗಾರನಿಗೂ ಅಪಾಯ ಒಂದೇ ಅಲ್ಲವೆಂಬುದು ನಿಜ. ಆದರೆ ಅದೇ ಕೊಠಡಿಯಲ್ಲಿ ದಿನವೂ ಇರುವ ಉಪಾಧ್ಯಾಯರ ಮತ್ತು ಗುಡಿಸುವವರ ಗತಿಯೇನು?

ಇಲ್ಲಿ ಭೌತಶಾಸ್ತ್ರದ ಒಂದು ನಿಯಮವನ್ನು ನೆನೆಯೋಣ. ನಿಶ್ಚಲ ಗಾಳಿಯಲ್ಲಿ ಸೂಕ್ಷ್ಮಕಣವು ಬೀಳುವ ವೇಗವು ಅದರ ವ್ಯಾಸದ ವರ್ಗಕ್ಕೆ ಅನುಗುಣವಾಗಿರುತ್ತದೆ. ವ್ಯಾಸವು ಹತ್ತನೆಯ ಒಂದು ಭಾಗವಾದರೆ ವೇಗವು ನೂರನೆಯ ಒಂದು ಭಾಗವಾಗುವುದು. ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗದಷ್ಟು ವ್ಯಾಸವುಳ್ಳ ಸಿಲಿಕದ ಕಣವು ಒಂದೂವರೆ ಮೀಟರ್ ಇಳಿಯಲು ಸುಮಾರು ಐದು ಗಂಟೆ ಬೇಕು. ಬೆಳಗ್ಗೆ ಪೊರಕೆಯಿಂದ ಎಬ್ಬಿಸಿದ ಧೂಳು ಮಧ್ಯಾಹ್ನದ ತರಗತಿಯವರ ಉಸಿರಿಗೂ ಕಾದಿರುತ್ತದೆ!

ಪರಿಹಾರವು ಸುಲಭ, ಅದು ನೀರು. ಗಣಿಗಳಲ್ಲಿ ನೀರು ಹಾಯಿಸಿ ಕೊರೆಯುವ ಪದ್ಧತಿ ಬಂದುದೂ ಧೂಳನ್ನು ಅಡಗಿಸಲೆಂದೇ. ಶಾಲೆಯಲ್ಲಿ ಮೇಜು, ನೆಲಗಳನ್ನು ಗುಡಿಸದೆ ಒದ್ದೆಬಟ್ಟೆಯಿಂದ ಒರಸಬೇಕು. ಒಣಗಿದ ಮಡಕೆಯನ್ನು ಉಜ್ಜುಕಾಗದದಿಂದ ತಿಕ್ಕದೆ, ಹಸಿಯಿರುವಾಗಲೇ ಒದ್ದೆ ಸ್ಪಂಜಿನಿಂದ ನಯಮಾಡಬೇಕು. ಮೈಮೇಲಿನ ಬಟ್ಟೆಯನ್ನು ಕೊಡವದೆ ಒಗೆಯಬೇಕು. ಸೀಸವಿಲ್ಲದ ಮೆರುಗನ್ನೇ ಬಳಸಬೇಕು. ಆವಿಗೆಯನ್ನು ಗಾಳಿಯಾಡುವ ಬೇರೆ ಸ್ಥಳದಲ್ಲಿಟ್ಟು, ಅದು ತಾನಾಗಿ ಆರಿದ ಮೇಲೆಯೇ ತೆರೆಯಬೇಕು.

ಬೆಂಕಿಗೆ ಅಂಜುವುದನ್ನು ಯಾರೂ ನಮಗೆ ಕಲಿಸಬೇಕಾಗಿಲ್ಲ. ಧೂಳಿಗೆ ಅಂಜುವುದನ್ನು ಮಾತ್ರ ಕಲಿತೇ ತಿಳಿಯಬೇಕು. ಆ ಪಾಠಕ್ಕೆ ಕೋಲಾರದ ಗಣಿಕಾರ್ಮಿಕರು ತೆತ್ತ ಬೆಲೆಯನ್ನು ನಮ್ಮ ಶಾಲೆಗಳು ಮರೆಯಬಾರದು.