ಗಾಜಿನ ತೊಟ್ಟಿಯಲ್ಲಿ ಹವಳ ಬದುಕಬೇಕಾದರೆ

1846ರಲ್ಲಿ ಇಂಗ್ಲೆಂಡಿನ ಕಡಲತೀರದ ಊರಾದ ಟಾರ್ಕಿಗೆ ಹೋಗಿದ್ದ ಆ್ಯನಾ ಥಿನ್ ಎಂಬ ಮಹಿಳೆ ಅಲ್ಲಿಂದ ಕೆಲವು ಕಲ್ಲುಹವಳಗಳನ್ನು ಲಂಡನ್ನಿನ ಮನೆಗೆ ತಂದರು. ದಾರಿಯಲ್ಲಿ ಉರುಳಾಡದಿರಲೆಂದು ಅವನ್ನು ಸೂಜಿದಾರದಿಂದ ದೊಡ್ಡದೊಂದು ಸ್ಪಂಜಿಗೆ ಹೊಲಿದು, ಸಮುದ್ರದ ನೀರು ತುಂಬಿದ ಜಾಡಿಯಲ್ಲಿ ಇಟ್ಟಿದ್ದರು. ಲಂಡನ್ನಿನಲ್ಲಿ ಉಪ್ಪುನೀರು ಬೇಕೆಂದಾಗ ಸಿಗುವಂಥದ್ದಲ್ಲ. ಹಾಗಾಗಿ ಇದ್ದ ನೀರನ್ನೇ ಮತ್ತೆ ಮತ್ತೆ ಬಳಸಬೇಕಾಯಿತು. ಮನೆಗೆಲಸದ ಹೆಂಗಸು ತೆರೆದ ಕಿಟಕಿಯ ಬಳಿ ನಿಂತು, ಅರ್ಧ ಮುಕ್ಕಾಲು ಗಂಟೆ ಆ ನೀರನ್ನು ಪಾತ್ರೆಯಿಂದ ಪಾತ್ರೆಗೆ ಹೊಯ್ಯುತ್ತಿದ್ದಳು. ಮರುವರ್ಷ ತೊಟ್ಟಿಗೆ ಕಡಲಪಾಚಿಯೂ ಸೇರಿತು. ಹವಳಗಳು ಉಳಿದವು, ಸಂತಾನವನ್ನೂ ಬೆಳೆಸಿದವು. ಆ ಬಗ್ಗೆ ಥಿನ್ ಬರೆದ ಲೇಖನ 1859ರಲ್ಲಿ ವಿಜ್ಞಾನ ಪತ್ರಿಕೆಯೊಂದರಲ್ಲಿ ಅಚ್ಚಾಯಿತು.

ಆ ಹೆಂಗಸಿನ ಕೈಗಳು ಮಾಡುತ್ತಿದ್ದ ಕೆಲಸವನ್ನು ಇಂದು ಪಂಪುಗಳು ಮಾಡುತ್ತವೆ. ಅಮೆರಿಕ, ಯುರೋಪು, ಜಪಾನುಗಳ ಎಷ್ಟೋ ಮನೆಗಳಲ್ಲಿ ಹವಳದ ತೊಟ್ಟಿಗಳಿವೆ. ನೋಡಿದವರ ಕಣ್ಣು ಬಣ್ಣಬಣ್ಣದ ಹವಳದ ಮೇಲೆ ನಿಲ್ಲುತ್ತದೆ. ಸಾಕುವವರ ಕಣ್ಣು ಮಾತ್ರ ನೀರಿನ ಮೇಲೆ. ಸಮುದ್ರ ಅಗಾಧವಾದದ್ದು, ಒಂದು ಮಳೆಗೋ ಒಂದು ಬಿಸಿಲಿಗೋ ಅದರ ಉಪ್ಪು, ಕ್ಷಾರ ಕದಲುವುದಿಲ್ಲ. ಲಕ್ಷಾಂತರ ವರ್ಷ ಅಂಥ ನೀರಿಗೆ ಒಗ್ಗಿಕೊಂಡ ಜೀವಿಯನ್ನು ಇನ್ನೂರು ಲೀಟರಿಗೆ ಇಳಿಸಿದಾಗ, ಸಮುದ್ರದ ಗಾತ್ರ ತಾನಾಗಿ ಕೊಡುತ್ತಿದ್ದ ಸ್ಥಿರತೆಯನ್ನು ಸಾಕುವವರೇ ದಿನದಿನವೂ ಒದಗಿಸಬೇಕು.

ಉಪ್ಪಿನ ಲೆಕ್ಕವನ್ನೇ ನೋಡಿ. ಹವಳಕ್ಕೆ ಹಿಡಿಸುವ ನೀರಿನಲ್ಲಿ ಸಾವಿರ ಭಾಗಕ್ಕೆ 35 ಭಾಗ ಉಪ್ಪಿರಬೇಕು. ಇನ್ನೂರು ಲೀಟರಿನ ತೊಟ್ಟಿಯಲ್ಲಿ ಸುಮಾರು ಏಳು ಕಿಲೋ. ತೆರೆದ ತೊಟ್ಟಿಯಿಂದ ನೀರು ಆವಿಯಾಗುತ್ತದೆ, ಉಪ್ಪು ಆಗುವುದಿಲ್ಲ. ಹತ್ತು ಲೀಟರ್ ಆವಿಯಾದರೆ ಉಪ್ಪಿನಂಶ 37ರ ಹತ್ತಿರಕ್ಕೆ ಏರುತ್ತದೆ. ಹೊಸಬರಲ್ಲಿ ಕೆಲವರು ಆಗ ಉಪ್ಪುನೀರನ್ನೇ ತುಂಬಿಸಿ ಅದನ್ನು ಇನ್ನಷ್ಟು ಏರಿಸುತ್ತಾರೆ. ಆವಿಯಾದ ಜಾಗಕ್ಕೆ ಸಿಹಿನೀರೇ ಹೋಗಬೇಕು, ಅದೂ ದಿನಕ್ಕಿಷ್ಟೆಂದು ಸ್ವಲ್ಪಸ್ವಲ್ಪವಾಗಿ. ನೀರಿನ ಮಟ್ಟ ಇಳಿದ ಕೂಡಲೇ ಸಣ್ಣ ಪಂಪನ್ನು ಓಡಿಸಿ ತುಂಬಿಸುವ ಸಾಧನವಿದೆ. ಹವಳ ಸಾಕುವವರು ಬೇರೆ ಯಾವ ಉಪಕರಣಕ್ಕೂ ಮೊದಲು ಇದನ್ನು ಕೊಳ್ಳುವುದು ಒಳ್ಳೆಯದು.

ಯಾವ ಸಿಹಿನೀರು ಎಂಬುದೂ ಮುಖ್ಯ. ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಬೋರ್‌ವೆಲ್ ನೀರಿನಲ್ಲಿ ಗಡಸುತನ, ನೈಟ್ರೇಟ್ ಇರಬಹುದು, ಹಳೆಯ ಕೊಳವೆಗಳಿಂದ ತಾಮ್ರ ಬರಬಹುದು. ಮನುಷ್ಯನಿಗೆ ತೊಂದರೆ ಕೊಡದಷ್ಟು ತಾಮ್ರ ಹವಳಕ್ಕೂ ಸೀಗಡಿಗೂ ವಿಷ. ಮೀನಿನ ಚರ್ಮರೋಗಕ್ಕೆ ಹಾಕುವ ತಾಮ್ರದ ಔಷಧಿಯನ್ನು ಹವಳದ ತೊಟ್ಟಿಗೆ ತಾಗಿಸಬಾರದು ಎನ್ನುವುದೂ ಇದೇ ಕಾರಣಕ್ಕೆ. ಆದ್ದರಿಂದ ಆರ್‌ಒ ಯಂತ್ರದಿಂದ ಬಂದ ನೀರನ್ನು ಇನ್ನೊಂದು ರಾಳದ ಕೊಳವೆಯಲ್ಲಿ ಹಾಯಿಸಿ, ಟಿಡಿಎಸ್ ಮೀಟರು ಸೊನ್ನೆ ತೋರಿಸುವ ನೀರಿಗೇ ಕಡಲುಪ್ಪಿನ ಮಿಶ್ರಣ ಬೆರೆಸುತ್ತಾರೆ. ಅಡುಗೆ ಉಪ್ಪು ನಡೆಯುವುದಿಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ ಎಲ್ಲವೂ ತಕ್ಕ ಪ್ರಮಾಣದಲ್ಲಿ ಇರಬೇಕು.

ನೀರು ಸಿದ್ಧವಾದರೂ ಜೀವಿಗಳನ್ನು ತೊಟ್ಟಿಗೆ ಬಿಡುವ ಹೊತ್ತು ಬಂದಿರುವುದಿಲ್ಲ. ಮೀನಿನ ಹೇಲು, ಉಳಿದ ಆಹಾರ ಕೊಳೆತು ಅಮೋನಿಯ ಆಗುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆಯದು ಅದನ್ನು ನೈಟ್ರೇಟ್ ಮಾಡುತ್ತದೆ. ಈ ಬ್ಯಾಕ್ಟೀರಿಯಗಳು ಕಲ್ಲು ಮರಳಿನಲ್ಲಿ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅದಕ್ಕೆ ಮೊದಲೇ ಮೀನು ತಂದು ಬಿಟ್ಟವರ ತೊಟ್ಟಿಯಲ್ಲಿ ಸಾವು ಖಚಿತ ಎನ್ನುವಷ್ಟು ಸಾಮಾನ್ಯ.

ಕಲ್ಲಿನ ಮಹತ್ವವನ್ನು ಮೊದಲು ಲೋಕಕ್ಕೆ ಹೇಳಿದವರಲ್ಲಿ ಜಕಾರ್ತದ ಲೀ ಚಿನ್ ಎಂಗ್ ಒಬ್ಬರು. 1961ರಲ್ಲಿ ಅಮೆರಿಕದ ಪತ್ರಿಕೆಯೊಂದಕ್ಕೆ ಬರೆದ ಲೇಖನದಲ್ಲಿ, ಸಮುದ್ರದಿಂದ ತಂದ ಜೀವಂತ ಕಲ್ಲು ಮತ್ತು ಸಣ್ಣಗೆ ಬರುವ ಗಾಳಿಗುಳ್ಳೆ, ಇಷ್ಟರಿಂದಲೇ ತಾವು ಸಮುದ್ರಜೀವಿಗಳನ್ನು ಸಾಕುವ ಬಗೆಯನ್ನು ವಿವರಿಸಿದರು. ರಂಧ್ರಮಯ ಕಲ್ಲಿನ ಹೊರಮೈಯಲ್ಲಿ ಆಮ್ಲಜನಕ ಬೇಕಾದ ಬ್ಯಾಕ್ಟೀರಿಯ, ಆಮ್ಲಜನಕ ತಲುಪದ ಒಡಲಿನಲ್ಲಿ ನೈಟ್ರೇಟನ್ನು ಸಾರಜನಕ ಅನಿಲವಾಗಿಸುವ ಬ್ಯಾಕ್ಟೀರಿಯ. ಮುಂದೆ ಬರ್ಲಿನ್ನಿನ ಹವ್ಯಾಸಿಗಳು ಈ ಕಲ್ಲಿನ ಜೊತೆಗೆ ಪ್ರೋಟೀನ್ ಸ್ಕಿಮ್ಮರನ್ನೂ ಸುಣ್ಣದ ನೀರನ್ನೂ ಸೇರಿಸಿದರು. ಆ ಪದ್ಧತಿಗೆ ಇಂದಿಗೂ ಬರ್ಲಿನ್ ಪದ್ಧತಿ ಎಂದೇ ಹೆಸರು. ಸ್ಕಿಮ್ಮರಿನ ಕೆಲಸ ನೊರೆ ಎಬ್ಬಿಸುವುದು. ಸಣ್ಣ ಗುಳ್ಳೆಗಳ ಮೈಗೆ ಕರಗಿದ ಕೊಳೆ ಅಂಟಿ ಮೇಲೇರಿ, ಬಟ್ಟಲಿನಲ್ಲಿ ಕಂದುಬಣ್ಣದ ಗಬ್ಬುನೀರಾಗಿ ನಿಲ್ಲುತ್ತದೆ. ಕೊಳೆತು ಅಮೋನಿಯ ಆಗುವ ಮೊದಲೇ ಕೊಳೆಯನ್ನು ತೆಗೆದುಹಾಕುವ ಉಪಾಯ. ಬಟ್ಟಲಿನ ಕತ್ತಿನಲ್ಲಿ ಜಿಡ್ಡು ಕಟ್ಟಿದರೆ ನೊರೆ ಏರುವುದಿಲ್ಲ, ಆದ್ದರಿಂದ ವಾರಕ್ಕೊಮ್ಮೆ ತಪ್ಪದೆ ತೊಳೆಯಬೇಕು.

ಇನ್ನು ಸುಣ್ಣ. ಕಲ್ಲುಹವಳ ತನ್ನ ಅಸ್ಥಿಯನ್ನು ಕ್ಯಾಲ್ಸಿಯಂ ಕಾರ್ಬೊನೇಟಿನಿಂದ ಕಟ್ಟುತ್ತದೆ. ಅದಕ್ಕೆ ಬೇಕಾದ ಕ್ಯಾಲ್ಸಿಯಂ ಒಂದು ಕಡೆ, ಕಾರ್ಬೊನೇಟು ಇನ್ನೊಂದು ಕಡೆ. ಎರಡನೆಯದನ್ನು ಕ್ಷಾರೀಯತೆ ಎಂದು ಅಳೆಯುತ್ತಾರೆ, ಜರ್ಮನ್ನರ ಡಿಕೆಎಚ್ ಅಳತೆಯಲ್ಲಿ. ಸಮುದ್ರದಲ್ಲಿ ಅದು ಸುಮಾರು 7, ಕ್ಯಾಲ್ಸಿಯಂ ಲೀಟರಿಗೆ 400 ಮಿಲಿಗ್ರಾಮಿಗೆ ಸ್ವಲ್ಪ ಮೇಲೆ, ಮೆಗ್ನೀಸಿಯಂ 1300ರ ಆಸುಪಾಸು. ಹವಳ ಲೀಟರಿಗೆ 20 ಮಿಲಿಗ್ರಾಂ ಕ್ಯಾಲ್ಸಿಯಂ ಹೀರಿಕೊಳ್ಳುವಷ್ಟರಲ್ಲಿ ಕ್ಷಾರೀಯತೆ 2.8ರಷ್ಟು ಇಳಿದಿರುತ್ತದೆ. ಕ್ಯಾಲ್ಸಿಯಮ್ಮಿನಲ್ಲಿ ಅದು ಇಪ್ಪತ್ತನೆಯ ಒಂದು ಪಾಲು, ಕ್ಷಾರೀಯತೆಯಲ್ಲಿ ಮೂರನೆಯ ಒಂದು ಪಾಲಿಗೂ ಹೆಚ್ಚು! ಮೊದಲು ಕುಸಿಯುವುದು ಯಾವುದೆಂಬುದು ಈ ಲೆಕ್ಕದಲ್ಲೇ ಇದೆ. ಹವಳ ತುಂಬಿದ ತೊಟ್ಟಿಯಲ್ಲಿ ದಿನ ಬಿಟ್ಟು ದಿನ ಅಳೆಯಬೇಕಾದದ್ದು ಕ್ಷಾರೀಯತೆ. ಕ್ಯಾಲ್ಸಿಯಂ ವಾರಕ್ಕೊಮ್ಮೆ ಸಾಕು.

ನಷ್ಟವನ್ನು ತುಂಬುವ ಹಳೆಯ ದಾರಿ ನಮ್ಮ ಊರುಗಳಲ್ಲಿ ಗೋಡೆಗೆ ಬಳಿಯುವ ಸುಣ್ಣದ್ದೇ. ಶುದ್ಧ ಅರಳಿದ ಸುಣ್ಣವನ್ನು ನೀರಿನಲ್ಲಿ ಕಲಸಿ, ತಳಕ್ಕೆ ಇಳಿದ ಮೇಲೆ ತಿಳಿಯನ್ನಷ್ಟೇ ತೊಟ್ಟುತೊಟ್ಟಾಗಿ, ಹೆಚ್ಚಾಗಿ ರಾತ್ರಿ ಹೊತ್ತು ಬಿಡುತ್ತಾರೆ. ಅದರ ಪಿಎಚ್ 12ನ್ನು ಮೀರುವುದರಿಂದ ಒಮ್ಮೆಗೇ ಸುರಿದರೆ ತೊಟ್ಟಿಯೇ ಹೋಗುತ್ತದೆ. ಇನ್ನೊಂದು ದಾರಿ ಕ್ಯಾಲ್ಸಿಯಂ ಕ್ಲೋರೈಡ್ ಮತ್ತು ಅಡುಗೆ ಸೋಡದ ಎರಡು ದ್ರಾವಣಗಳದ್ದು. ಅಮೆರಿಕದ ರಸಾಯನ ವಿಜ್ಞಾನಿ ರ‍್ಯಾಂಡಿ ಹೋಮ್ಸ್-ಫಾರ್ಲಿ ಇದನ್ನು ಮನೆಯಲ್ಲೇ ಮಾಡಿಕೊಳ್ಳುವ ಅಳತೆಗಳನ್ನು ಬರೆದು ಎಲ್ಲರಿಗೂ ಮುಟ್ಟಿಸಿದರು. ಎರಡನ್ನೂ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ಹಾಕಿದರೆ ನೀರು ಹಾಲಾಗಿ, ಹವಳಕ್ಕೆ ಸಿಗಬೇಕಾದ ಸುಣ್ಣ ಪಂಪಿನೊಳಗೆ ಗಟ್ಟಿಯಾಗುತ್ತದೆ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಕ್ಷಾರೀಯತೆ 7.5 ಇದ್ದ ತೊಟ್ಟಿಯೂ 9 ಇದ್ದ ತೊಟ್ಟಿಯೂ ಚೆನ್ನಾಗಿಯೇ ನಡೆಯುತ್ತವೆ. ಹವಳವನ್ನು ಕೊಲ್ಲುವುದು ಒಂದೇ ದಿನದಲ್ಲಿ 7.5ರಿಂದ 9ಕ್ಕೆ ಜಿಗಿಯುವ ನೀರು. ನೈಟ್ರೇಟ್, ಫಾಸ್ಫೇಟ್‌ಗಳ ವಿಷಯದಲ್ಲೂ ಪೂರ್ತಿ ಸೊನ್ನೆಯ ಆಸೆ ಬೇಡ. ಹವಳದೊಳಗಿನ ಪಾಚಿಗೂ ಆಹಾರ ಬೇಕು. ಎರಡೂ ಇಲ್ಲದ ನೀರಿನಲ್ಲಿ ಹವಳ ಬಿಳಚಿಕೊಳ್ಳುತ್ತದೆ.

ಉಪಕರಣಗಳಲ್ಲಿ ಹೆಚ್ಚು ತೊಟ್ಟಿಗಳನ್ನು ಹಾಳು ಮಾಡುವುದು ಹೀಟರು. ಒಳಗಿನ ಸ್ವಿಚ್ಚು ಅಂಟಿಕೊಂಡರೆ ನೀರು ಕಾಯುತ್ತಲೇ ಇರುತ್ತದೆ. ಅದಕ್ಕೇ ದೊಡ್ಡದೊಂದರ ಬದಲು ಎರಡು ಸಣ್ಣ ಹೀಟರು, ಅವುಗಳ ಮೇಲೊಂದು ಬೇರೆ ತಾಪ ನಿಯಂತ್ರಕ ಇಡುತ್ತಾರೆ. ಕರಾವಳಿಯಂಥ ಸೆಕೆಯ ಊರಿನಲ್ಲಿ ಸಮಸ್ಯೆ ತಿರುಗುಮುರುಗು: ನೀರನ್ನು 24ರಿಂದ 27 ಡಿಗ್ರಿಯಲ್ಲಿ ನಿಲ್ಲಿಸಲು ಫ್ಯಾನು ಅಥವಾ ಚಿಲ್ಲರ್ ಬೇಕು. ಪಂಪುಗಳ ಸುಣ್ಣದ ಪೊರೆಗೆ ವಿನೆಗರ್ ಅಥವಾ ನಿಂಬೆಹುಳಿಯ ದ್ರಾವಣ ಸಾಕು; ನೆನೆಸಿಟ್ಟು, ಬ್ರಷ್ ಆಡಿಸಿ, ಚೆನ್ನಾಗಿ ತೊಳೆದರಾಯಿತು. ಉಪ್ಪು ಅಳೆಯುವ ರಿಫ್ರ್ಯಾಕ್ಟೋಮೀಟರನ್ನು 35ರ ಪ್ರಮಾಣದ್ರಾವಣದಿಂದ ಆಗಾಗ ಸರಿಹೊಂದಿಸಬೇಕು. ಮೀಟರೇ ತಪ್ಪಿದ್ದರೆ ಉಳಿದ ಲೆಕ್ಕವೆಲ್ಲ ವ್ಯರ್ಥ. ಕರೆಂಟು ಹೋದಾಗ ಮೊದಲು ಕಡಿಮೆಯಾಗುವುದು ಆಮ್ಲಜನಕ, ಆದ್ದರಿಂದ ಬ್ಯಾಟರಿಯ ಗಾಳಿಪಂಪು ಕೈಗೆಟಕುವಂತಿರಲಿ. ವೈರುಗಳು ಸಾಕೆಟ್ಟಿಗಿಂತ ಕೆಳಗೆ ಜೋತು ಬಿದ್ದು ಮತ್ತೆ ಮೇಲೇರುವಂತಿದ್ದರೆ, ವೈರಿನ ಗುಂಟ ಹರಿದ ಉಪ್ಪುನೀರು ಸಾಕೆಟ್ಟಿಗೆ ಹೋಗದೆ ನೆಲಕ್ಕೆ ತೊಟ್ಟಿಕ್ಕುತ್ತದೆ.

ತೊಟ್ಟಿಯಿಂದ ಮನುಷ್ಯನಿಗೂ ಅಪಾಯವುಂಟು. ಜೋಆಂಥಿಡ್ ಎಂಬ ಗುಂಡಿಯಂಥ ಹವಳಬಂಧುಗಳಲ್ಲಿ ಕೆಲವು ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷವನ್ನು ಹೊಂದಿರುತ್ತವೆ. 2012ರಿಂದ 2014ರ ನಡುವೆ ಅಲಾಸ್ಕದ ಮನೆ, ಅಂಗಡಿಗಳಲ್ಲಿ ಇವುಗಳ ಆವಿ ಉಸಿರಾಡಿ ಜನ ಕಾಯಿಲೆ ಬಿದ್ದ ಶಂಕಿತ ಪ್ರಕರಣಗಳನ್ನು ಅಲ್ಲಿನ ಆರೋಗ್ಯಾಧಿಕಾರಿಗಳು ದಾಖಲಿಸಿದ್ದಾರೆ. ಇಂಥ ಕಲ್ಲನ್ನು ಕುದಿಸುವುದಾಗಲಿ, ಬಿಸಿನೀರು ಹೊಯ್ದು ತಿಕ್ಕುವುದಾಗಲಿ ಕೂಡದು. ಕೈಗವಸು, ಕನ್ನಡಕ ಇಲ್ಲದೆ ಮುಟ್ಟಲೂ ಬಾರದು.

ಸಮುದ್ರಕ್ಕೂ ತೊಟ್ಟಿಯಿಂದ ಅಪಾಯ ಬಂದಿದೆ. ಅಕ್ವೇರಿಯಂಗಳಲ್ಲಿ ಬೆಳೆಸುತ್ತಿದ್ದ ಕೌಲರ್ಪಾ ಎಂಬ ಹಸಿರು ಪಾಚಿ 1984ರಲ್ಲಿ ಮೊನಾಕೊದ ಸಮುದ್ರ ವಸ್ತುಸಂಗ್ರಹಾಲಯದ ಎದುರಿನ ಕಡಲಲ್ಲಿ ಸುಮಾರು ಒಂದು ಚದರ ಮೀಟರಿನಷ್ಟು ಕಾಣಿಸಿತು, ಮುಂದೆ ಮೆಡಿಟರೇನಿಯನ್ನಿನ ಸಾವಿರಾರು ಎಕರೆಗೆ ಹಬ್ಬಿತು. ಅದೇ ಪಾಚಿ 2000ದಲ್ಲಿ ಕ್ಯಾಲಿಫೋರ್ನಿಯದ ಹಿನ್ನೀರೊಂದರಲ್ಲಿ ಸಿಕ್ಕಾಗ, ಅಲ್ಲಿನವರು ತಾಡಪಾಲು ಹೊದಿಸಿ ಕ್ಲೋರಿನ್ ಬಿಟ್ಟು ಕೊಂದರು. ಪೂರ್ತಿ ಹೋಯಿತೆಂದು ಘೋಷಿಸಲು 2006 ಆಯಿತು. ಬದಲಿಸಿದ ನೀರಾಗಲಿ ಬೇಡವಾದ ಜೀವಿಯಾಗಲಿ ಕಡಲಿಗೆ, ಹೊಳೆಗೆ ಹೋಗಕೂಡದು.

ಭಾರತದಲ್ಲಿ ಹವಳ ಸಾಕುವ ಆಸೆಗೆ ಕಾನೂನಿನ ಗೆರೆ ಇದೆ. ಎಲ್ಲ ಕಲ್ಲುಹವಳಗಳು, ಕಪ್ಪುಹವಳ, ಬೆಂಕಿಹವಳ, ಕಡಲ ಬೀಸಣಿಗೆಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೆಯ ಅನುಸೂಚಿಯಲ್ಲಿವೆ, ಅಂದರೆ ಹುಲಿಯ ಸಾಲಿನಲ್ಲಿ. ಮುರ್ಡೇಶ್ವರದ ಆಚೆಗಿನ ನೇತ್ರಾಣಿಯ ಹವಳವನ್ನು ಮುಳುಗಿ ನೋಡಬಹುದು, ಮುರಿದು ತರುವಂತಿಲ್ಲ. ಅಂಗಡಿಯಲ್ಲಿ ಮಾರಿದರೂ ಕೊಂಡವರು ತಪ್ಪಿತಸ್ಥರೇ. ನ್ಯಾಯವಾದ ದಾರಿ ಮೀನಿನದು. ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ವಿಳಿಂಞಂ ಮತ್ತು ಮಂಡಪಂ ಕೇಂದ್ರಗಳಲ್ಲಿ ಕ್ಲೌನ್, ಡ್ಯಾಮ್ಸೆಲ್ ಮೀನುಗಳ ಮರಿ ಮಾಡಿಸುವ ವಿಧಾನ ರೂಪಿಸಿದೆ. ತೊಟ್ಟಿಯಲ್ಲೇ ಹುಟ್ಟಿದ ಇಂಥ ಮೀನು ಒಣ ಆಹಾರಕ್ಕೆ ಬೇಗ ಒಗ್ಗುತ್ತದೆ, ಹವಳ ಇಲ್ಲದಿದ್ದರೂ ಬದುಕುತ್ತದೆ. ಪಿಂಗಾಣಿಯ ರಂಧ್ರಗಲ್ಲು, ಒಂದು ಸ್ಕಿಮ್ಮರ್, ಹದಿನೈದು ದಿನಕ್ಕೊಮ್ಮೆ ಹತ್ತರಲ್ಲಿ ಒಂದು ಪಾಲು ಹೊಸ ಉಪ್ಪುನೀರು ಇದ್ದರೆ ಸುಣ್ಣದ ಲೆಕ್ಕದ ಗೋಜಿಲ್ಲದೆ ಒಂದು ಜೋಡಿ ಕ್ಲೌನ್ ಮೀನು ಹತ್ತು ವರ್ಷಕ್ಕೂ ಹೆಚ್ಚು ಬಾಳಬಲ್ಲದು.